ಕೌಂಟರಿನ ಕೆಳಗಿನ ಕಿತ್ತಳೆ

ಜರ್ಮನಿಯ ಯೇನಾ ನಗರದ ಒಂದು ವೃದ್ಧಾಶ್ರಮದಲ್ಲಿ ಕೋಣೆಯೊಂದನ್ನು ಹಳೆಯ ಪೂರ್ವ ಜರ್ಮನಿಯ ಅಂಗಡಿಯಂತೆ ಜೋಡಿಸಿಟ್ಟಿದ್ದರು. ಮರೆವಿನ ಕಾಯಿಲೆಯವರಿಗೆ ಹಳೆಯದನ್ನು ಕಂಡರೆ ಸಮಾಧಾನವಂತೆ. ಆ ಕಾಲದಲ್ಲಿ ಸರ್ಕಾರಿ ಅಂಗಡಿಯೊಂದರ ಮ್ಯಾನೇಜರ್ ಆಗಿದ್ದ ರೆನಾಟೆಯನ್ನು ದಿನಾ ಅಲ್ಲಿಗೆ ತಳ್ಳಿಕೊಂಡು ಬರುತ್ತಿದ್ದರು. ಕೌಂಟರಿನ ಹಿಂದೆ ಗಾಲಿಕುರ್ಚಿ ನಿಂತೊಡನೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಆರೈಕೆಯ ಕೆಲಸದ ಜೆಸಿಂತಾ ಬೆಳಿಗ್ಗೆ ಕೌಂಟರಿನ ಮೇಲೆ ಕಿತ್ತಳೆ ಇಡುತ್ತಿದ್ದಳು. ರೆನಾಟೆ ಎಲ್ಲವನ್ನೂ ಕೆಳಗಿನ ಚೀಲಕ್ಕೆ ಇಳಿಸುತ್ತಿದ್ದಳು. ಒಂದು ಕಾಲದಲ್ಲಿ ಟೈಲ್ಸ್ ಹಾಕುತ್ತಿದ್ದ ಮುದುಕ ಬಂದರೆ ಹಣ್ಣು ಹೊರಬರುತ್ತಿತ್ತು. ಅಲ್ಲಿಯದೇ ಇನ್ನೊಬ್ಬ ಮುದುಕಿ ಇಲ್ಸೆ ಬಂದರೆ, "ಇಲ್ಲ. ಮಾಲು ಬಂದಿಲ್ಲ."

ಇಲ್ಸೆಗೆ ಮರೆವಿರಲಿಲ್ಲ, ಕಾಲು ಮಾತ್ರ ಸತ್ತಿತ್ತು. ಹಿಂದೆ ಜ್ವರ ಹಿಡಿದ ಮಗ ಕಿತ್ತಳೆ ಬೇಕೆಂದು ಅತ್ತಾಗ ಇದೇ ಹೆಂಗಸಿನ ಮುಂದೆ ಸಾಲಿನಲ್ಲಿ ನಿಂತು ಇದೇ ಮಾತು ಕೇಳಿ ಬಂದವಳು. ಕೌಂಟರಿನ ಕೆಳಗಿನ ಚೀಲ ಆಗಲೂ ಕಣ್ಣಿಗೆ ಬಿದ್ದಿತ್ತು. ಈಗ ದಿನಾ ಬಂದು ಕೇಳುತ್ತಾಳೆ. ರೆನಾಟೆಯ ಕೈಯಿಂದಲೇ ಬೇಕು.

"ನಾನು ಸೂಪರ್ ಮಾರ್ಕೆಟಿಂದ ತಂದು ಕೊಡ್ತೇನೆ ಅಂತ ಇಲ್ಸೆಗೆ ಹೇಳಿದೆ. ಬೇಡವಂತೆ," ಎಂದು ಜೆಸಿಂತಾ ಊಟದ ಹೊತ್ತಿಗೆ ರಾಮದಾಸನಿಗೆ ಹೇಳಿದಳು. ಅವನೂ ಅವಳಂತೆ ಉಡುಪಿಯವನು, ಅಲ್ಲೇ ಕೆಲಸ. "ಆ ರೆನಾಟೆ ಎಂತ ಜನ ಮಾರಾಯಾ! ಮಗುವಿಗೂ ಕೊಡ್ಲಿಲ್ಲ."

"ಕೊಟ್ರೆ ಅವಳಿಗೆ ಎಂತ ಸಿಗ್ತದೆ ಮಾರಾಯ್ತಿ? ಟೈಲ್ಸಿನ ಅಜ್ಜ ಎಲ್ಲ ಹೇಳಿದ್ದಾರೆ. ಆಗ ರೇಟ್ ಸರ್ಕಾರದ್ದು, ಇಡೀ ದೇಶಕ್ಕೆ ಒಂದೇ. ಯಾವ ಅಂಗಡಿಗೆ ಎಷ್ಟು ಮಾಲು ಅಂತ ಮೇಲಿಂದ ಬರ್ತದೆ. ಹಣ ಎಲ್ಲರ ಹತ್ರ ಉಂಟು, ಮಾಲು ಇಲ್ಲ. ಮತ್ತೆ ಹಣಕ್ಕೆ ಎಂತ ಮರ್ಯಾದೆ? ಅಜ್ಜ ಅವಳ ಬಚ್ಚಲಿಗೆ ಟೈಲ್ಸ್ ಹಾಕಿದ್ರು, ಕಿತ್ತಳೆ ಸಿಕ್ತು. ಇಲ್ಸೆ ಎಂತ ಹಾಕ್ತಾಳೆ? ಹೋಗು, ನೀನೇ ನ್ಯಾಯ ಕೊಡ್ಸು, ಸಂತ ಜೆಸಿಂತಾ."

ಮರುದಿನ ಇಲ್ಸೆ ಕೌಂಟರಿನ ಮುಂದೆ ಇರುವಾಗಲೇ ರೆನಾಟೆ ಕೈ ಎತ್ತಿದಳು. ಶೌಚಕ್ಕೆ ಹೋಗಬೇಕಿತ್ತು.

"ಇಲ್ಲ," ಎಂದಳು ಜೆಸಿಂತಾ. "ಕೆಲಸಕ್ಕೆ ಜನ ಬಂದಿಲ್ಲ." ಇಲ್ಸೆಯ ಖಾಲಿ ಕೈಯ ಕಡೆ ನೋಡಿದಳು.

ರೆನಾಟೆಗೆ ಮೊಮ್ಮಕ್ಕಳ ಹೆಸರು ಮರೆತಿತ್ತು. ಈ ಮಾತಿನ ಅರ್ಥ ಮರೆತಿರಲಿಲ್ಲ. ಜೆಸಿಂತಾಳನ್ನು ಒಮ್ಮೆ ಅಳೆದು ನೋಡಿದಳು. ತೊಡೆ ಬಿಗಿಹಿಡಿದು ಬಗ್ಗಿ, ಚೀಲದಿಂದ ಒಂದು ಕಿತ್ತಳೆ ತೆಗೆದು ಇಲ್ಸೆಯ ಕೈಯಲ್ಲಿಟ್ಟಳು. ಅಷ್ಟರಲ್ಲಿ ಕುರ್ಚಿಯ ಕೆಳಗೆ ನೆಲ ಒದ್ದೆಯಾಗಿತ್ತು.

ಇಲ್ಸೆ ಅಳುತ್ತಾಳೆಂದು ಜೆಸಿಂತಾ ಕಾದಳು. ಅವಳು ಅಳಲಿಲ್ಲ. ಹಣ್ಣನ್ನು ಒತ್ತಿ ನೋಡಿದಳು, ಮೂಸಿದಳು. ಆಮೇಲೆ ಅದನ್ನು ಜೆಸಿಂತಾಳ ಏಪ್ರನ್ ಜೇಬಿಗೆ ತುರುಕಿದಳು.

"ನಾಳೆ ಬೆಳಿಗ್ಗೆ ಮೊದಲು ನನಗೆ ಸ್ನಾನ. ಅವಸರ ಮಾಡಬಾರದು."

ವಾಪಸ್ ಕೊಡಬಹುದಿತ್ತು. ಜೆಸಿಂತಾ ಕೊಡಲಿಲ್ಲ. ಹೊರಗೆ ಹೋಗಿ ಸುಲಿದು ರಾಮದಾಸನಿಗೂ ಎರಡು ತೊಳೆ ಕೊಟ್ಟಳು.

"ಯಾರು ಕೊಟ್ಟದ್ದು?"

"ಸುಮ್ನೆ ತಿನ್ನು ಮಾರಾಯಾ."

ಮರುದಿನ ಮೊದಲು ಇಲ್ಸೆಯ ಬಾಗಿಲು ತೆರೆಯಿತು. ಜೆಸಿಂತಾ ಅವಳ ಬೆನ್ನು ಉಜ್ಜುತ್ತಿರುವಾಗ ಪಕ್ಕದ ಕೋಣೆಯಿಂದ ರೆನಾಟೆಯ ಕರೆಗಂಟೆ ಬಡಿಯತೊಡಗಿತು. ಬಡಿಯುತ್ತಲೇ ಇತ್ತು.

ಇಲ್ಸೆ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು.

"ಸೋಪು ಇನ್ನೊಮ್ಮೆ ಹಾಕು," ಎಂದಳು.