ಸೀಮೆಸುಣ್ಣದ ಸುತ್ತು

ಹಳೆಯ ಮೇಜಿನ ಮೇಲೆ ಅಂಟಿಸಿದ ತೆಳು ಮರದ ಹಾಳೆ ಎಲ್ಲೆಲ್ಲಿ ಅಂಟು ಬಿಟ್ಟಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಉಗುರಿನಿಂದ ತಟ್ಟಿ ಕೇಳಬೇಕು. ಗಟ್ಟಿಯಿದ್ದರೆ ಒಂದು ಸದ್ದು, ಟೊಳ್ಳಿದ್ದರೆ ಇನ್ನೊಂದು. ಬಡಗಿಗೆ ಎರಡು ವರ್ಷದಿಂದ ಎರಡೂ ಕೇಳಿಸುತ್ತಿರಲಿಲ್ಲ.

ಅದು ಹೆಂಡತಿಗೆ ಮಾತ್ರ ಗೊತ್ತಿತ್ತು. ಅವನು ತಟ್ಟುತ್ತ ಹೋಗುವನು. ಟೊಳ್ಳು ಸದ್ದು ಬಂದ ಕಡೆ ಎದುರಿಗೆ ಕೂತ ಅವಳು ಸೀಮೆಸುಣ್ಣದಲ್ಲಿ ಸುತ್ತು ಹಾಕುವಳು. ಸುತ್ತಿನೊಳಗೆ ಅವನು ಬ್ಲೇಡಿನಿಂದ ಸೀಳಿ, ಸಿರಿಂಜಿನಲ್ಲಿ ಅಂಟು ಬಿಟ್ಟು, ಮೇಲೆ ಭಾರ ಹೇರುವನು. ಗಿರಾಕಿಗಳ ಮಾತನ್ನು ತುಟಿ ನೋಡಿ ಸಂಭಾಳಿಸುತ್ತಿದ್ದ.

ಹೋಟೆಲೊಂದರ ಮ್ಯಾನೇಜರ್ ಮೇಜು ತಂದಿಳಿಸಿದ. ಇಂಥವೇ ಇನ್ನೂ ಹನ್ನೊಂದಿವೆ, ಇದು ಸರಿಹೋದರೆ ಅವೂ ನಿಮಗೇ ಎಂದ. ಆರು ತಿಂಗಳ ಕೆಲಸ. ಅಂಗಡಿಗೆ ಬೇರೆ ಕೆಲಸವೇ ಇರಲಿಲ್ಲ.

"ಅಮ್ಮನೋರು ಸೀಮೆಸುಣ್ಣ ಹಿಡ್ಕೊಂಡಿದಾರೆ. ನಿಮಗೆ ಪಾಠ ಮಾಡ್ತಾರಾ ಯಜಮಾನ್ರೇ?"

"ಅಯ್ಯೋ, ಅವಳಿಗೆ ಇದರ ತಲೆಬುಡ ಗೊತ್ತಿಲ್ಲ ಸಾರ್. ಮನೇಲಿ ಬೇಜಾರು ಅಂತ ಬಂದು ಸುಮ್ನೆ ಕೂತಿರ್ತಾಳೆ."

ಇಬ್ಬರೂ ನಕ್ಕರು. ಮ್ಯಾನೇಜರ್ ಹೋದ ಮೇಲೆ ಅವಳು, "ಬೇರೆ ಏನಾದ್ರೂ ಹೇಳ್ಬಹುದಿತ್ತಲ್ಲ ರೀ" ಎಂದಳು. ಅವನು ಆಗಲೇ ಮೇಜಿನ ಮೇಲೆ ಬಾಗಿದ್ದ. ತುಟಿ ನೋಡಲಿಲ್ಲ.

ತಟ್ಟಿದ. ಅವಳು ನಾಲ್ಕು ಸುತ್ತು ಹಾಕಿದಳು. ಎಡಮೂಲೆಯಲ್ಲಿ ಸದ್ದು ಖಾಲಿ ಡಬ್ಬಿಯದಾಯಿತು. ಅವನು ಬೆರಳು ನಿಲ್ಲಿಸಿ ಅವಳ ಮುಖ ನೋಡಿದ. ಅವಳ ಕೈ ಮಡಿಲಲ್ಲೇ ಇತ್ತು. ಅವನು ಮುಂದೆ ಹೋದ.

ಹದಿನೈದು ದಿನ ಬಿಟ್ಟು ಮ್ಯಾನೇಜರ್ ಬಂದ. ಪಾಲಿಶ್ ಹೊಳೆಯುತ್ತಿತ್ತು. ಹೊಗಳುತ್ತಲೇ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತ ಹೋದ. ಎಡಮೂಲೆಗೆ ಬಂದು ನಿಂತ.

"ಇದೇನಿದು, ಟೊಳ್ಳು ಹೊಡೀತಿದೆ? ನೀವೇ ನೋಡಿ."

ಬಡಗಿ ತಟ್ಟಿದ. ಕಿವಿಯನ್ನು ಹತ್ತಿರ ತಂದು ಇನ್ನೊಮ್ಮೆ ತಟ್ಟಿದ. ಹುಬ್ಬು ಗಂಟಿಕ್ಕಿ, "ಗಟ್ಟಿ ಇದೆಯಲ್ಲ ಸಾರ್" ಎಂದ.

ಮ್ಯಾನೇಜರ್ ಅವನ ಬೆನ್ನ ಹಿಂದೆ ಹೋಗಿ, "ಯಜಮಾನ್ರೇ" ಎಂದ. ಮತ್ತೆ, ಜೋರಾಗಿ. ಬಡಗಿ ತಟ್ಟುತ್ತಲೇ ಇದ್ದ.

"ಇವರಿಗೆ ಕಿವಿ ಕೇಳಿಸಲ್ವಾ?"

ಹೆಂಡತಿ ನೆಲ ನೋಡಿದಳು. ಅಷ್ಟು ಸಾಕಾಯಿತು.

"ಸಂಜೆ ಆಳು ಕಳಿಸ್ತೀನಿ, ಮೇಜು ಕೊಟ್ಬಿಡಿ. ಉಳಿದದ್ದಕ್ಕೆ ಬೇರೆಯೋರನ್ನ ನೋಡ್ತೀನಿ."

ಅವನು ಹೋದದ್ದು ಬಡಗಿಗೆ ತಿರುಗಿ ನೋಡಿದಾಗಲೇ ತಿಳಿದದ್ದು. "ಏನಂತೆ? ಎಲ್ಲಿ ಟೊಳ್ಳಂತೆ?"

ಅವಳು ಸೀಮೆಸುಣ್ಣ ತೆಗೆದುಕೊಂಡಳು. ಪಾಲಿಶ್ ಮೇಲೆ ಅದು ಜಾರಿತು, ಒತ್ತಿ ಎಳೆದಳು. ಒಂದು ಸಲವೂ ತಟ್ಟದೆ, ಎಡಮೂಲೆಯಲ್ಲಿ, ಟೊಳ್ಳು ಎಷ್ಟಿತ್ತೋ ಅಷ್ಟೇ ಅಗಲದ ಸುತ್ತು.

ಅವನು ಸುತ್ತು ನೋಡಿದ. ಆಮೇಲೆ ಅವಳನ್ನು. "ಅವತ್ತೇ ಗೊತ್ತಿತ್ತಾ ನಿಂಗೆ?"

ಇಷ್ಟು ದೂರ ಹೋಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಆದರೂ ಅವನಿಗೆ ತಿಳಿಯುವ ಹಾಗೆ ತುಟಿಗಳನ್ನು ನಿಧಾನವಾಗಿ ಆಡಿಸಿ ಹೇಳಿದಳು, "ಸುಮ್ನೆ ಕೂತಿದ್ದೆ."

ಸಂಜೆ ಆಳುಗಳು ಬಂದು ಮೇಜು ಹೊತ್ತೊಯ್ದರು. ಸುತ್ತನ್ನು ಇಬ್ಬರೂ ಒರೆಸಿರಲಿಲ್ಲ.