ಮುಂದಕ್ಕೆ ಕಳಿಸುವ ಗುಂಡಿ

ಅಕ್ಕ ಊರಿನ ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಪ್ಪತ್ಮೂರು ವರ್ಷದಿಂದ ನರ್ಸ್. ತಂಗಿ ಒಂದು ಕಂಪ್ಯೂಟರ್ ಕಂಪನಿಯಲ್ಲಿ ತಂತ್ರಾಂಶದ ನಕ್ಷೆ ಹಾಕುವವಳು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಪುಟ್ಟಿ. ತಲೆಗೂದಲು ಅರ್ಧ ನರೆತರೂ ಆ ಹೆಸರು ಮಾತ್ರ ಅವಳನ್ನು ಬಿಟ್ಟು ಹೋಗಿರಲಿಲ್ಲ.

ಯಾವ ನರ್ಸು ಯಾವಾಗ ಎಲ್ಲಿರಬೇಕು, ಯಾವ ರೋಗಿ ಯಾವ ಕೋಣೆಗೆ ಹೋಗಬೇಕು ಎಂಬುದೆಲ್ಲ ಒಂದೇ ಪರದೆಯ ಮೇಲೆ ಕಾಣುವಂಥ ವ್ಯವಸ್ಥೆಯೊಂದು ಆಸ್ಪತ್ರೆಗೆ ಬೇಕಾಗಿತ್ತು. ಆ ಕೆಲಸ ಪುಟ್ಟಿಯ ಕಂಪನಿಗೇ ಬಂತು. ಸುದ್ದಿ ಕೇಳಿದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಪ್ಪತ್ಮೂರು ವರ್ಷದಿಂದ ನನ್ನ ಮಾತಿಗೆ ಒಬ್ಬರೂ ಕಿವಿ ಕೊಟ್ಟಿಲ್ಲ. ಈಗ ನನ್ನ ತಂಗೀನೇ ನೋಟ್‌ಬುಕ್ ಹಿಡ್ಕೊಂಡು ಬರ್ತಾಳೆ. ಬಾ ತಾಯಿ, ಎಷ್ಟು ಬೇಕೋ ಅಷ್ಟು ಬರ್ಕೋ."

ಎರಡು ವಾರ ಪುಟ್ಟಿ ಅಕ್ಕನ ಮೇಜಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಳು. ಬೆಳಗ್ಗೆ ಏಳಕ್ಕೆಲ್ಲ ಬಾಗಿಲ ಹೊರಗೆ ಸಾಲು. ಎಂಟಕ್ಕೆ ಚೀಟಿ. ಒಂಬತ್ತಕ್ಕೆ ನಾಲ್ವರು ಡಾಕ್ಟರು, ಇನ್ನೂರ ಎಂಬತ್ತು ರೋಗಿಗಳು. ಗೋಡೆಯ ಮೇಲಿದ್ದ ಡ್ಯೂಟಿ ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದವೇ ಒಂದೆರಡು ಕಡೆ ತೂತಾಗಿತ್ತು. ಯಾರ ಮಗುವಿಗೆ ಜ್ವರ, ಯಾರ ಅತ್ತೆಗೆ ಕಾಲುನೋವು ಎಂಬುದೆಲ್ಲ ಆ ತೂತುಗಳಲ್ಲೇ ಇತ್ತು.

ಅಕ್ಕ ಕೆಲಸ ಮಾಡುತ್ತಿದ್ದಳೋ ಸುಮ್ಮನೆ ನಿಂತಿದ್ದಳೋ ಎಂಬುದು ಮೊದಲೆರಡು ದಿನ ಪುಟ್ಟಿಗೆ ಗೊತ್ತೇ ಆಗಲಿಲ್ಲ. ಅಕ್ಕ ಬೆಂಚುಗಳ ನಡುವೆ ಆಚೆಯಿಂದ ಈಚೆಗೆ ಓಡಾಡುತ್ತಿದ್ದಳು, ನಿಲ್ಲುತ್ತಿದ್ದಳು, ನೋಡುತ್ತಿದ್ದಳು. ಮೂರನೆಯ ದಿನ ಪುಟ್ಟಿಯ ಹೆಗಲು ಮುಟ್ಟಿ ಪಿಸುಗುಟ್ಟಿದಳು. "ಅಲ್ಲಿ ನಾಲ್ಕು ಮಕ್ಕಳು ಅಳ್ತಾ ಇದಾವೆ, ನೋಡಿದ್ಯಾ?"

"ಹೂಂ. ಕಿವಿ ತೂತಾಗ್ತಿದೆ."

"ಅವೆಲ್ಲ ಕಾಯ್ತವೆ. ಕಂಬದ ಪಕ್ಕ ಇದೆಯಲ್ಲ ಆ ಮಗು, ಹತ್ತು ನಿಮಿಷದಿಂದ ಅದರ ಸದ್ದೇ ಇಲ್ಲ. ಅದು ಕಾಯಲ್ಲ."

ಹೇಳಿ ಮುಗಿಸುವ ಮೊದಲೇ ಆ ತಾಯಿಯ ತೋಳು ಹಿಡಿದು, ಸಾಲಿನವರ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳದೆ, ಸೀದಾ ಡಾಕ್ಟರ ಕೋಣೆಗೆ ನುಗ್ಗಿದ್ದಳು. ಮಗುವಿಗೆ ಮಿದುಳು ಜ್ವರ. ಉಳಿಯಿತು.

ಅವತ್ತು ಸಂಜೆಯೇ ಪುಟ್ಟಿ ತನ್ನ ನಕ್ಷೆಯಲ್ಲಿ ಒಂದು ಹಳದಿ ಗುಂಡಿ ಸೇರಿಸಿದಳು. ನರ್ಸಿನ ಕೈಲಿರುವ ಪರದೆಯಲ್ಲಿ ಪ್ರತಿ ರೋಗಿಯ ಹೆಸರಿನ ಮುಂದೆ "ಮುಂದಕ್ಕೆ ಕಳಿಸಿ" ಎಂಬ ಗುಂಡಿ. ಒತ್ತಿದರೆ ಆಯಿತು, ಮುಂದಿನ ಸರದಿ ಆ ರೋಗಿಯದು. ಕಾರಣ ಬರೆಯಬೇಕಾಗಿಲ್ಲ, ಯಾರೂ ಕೇಳುವ ಹಾಗಿಲ್ಲ. ಅಕ್ಕನಿಗೆ ತೋರಿಸಿದಾಗ ಅವಳು ಗಾಜಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನೋಡಿದಳು.

"ಉಳಿದದ್ದೆಲ್ಲ ಹೇಗಾದ್ರೂ ಇರ್ಲಿ, ಪುಟ್ಟಿ. ಇದೊಂದನ್ನ ಬಿಡಬೇಡ."

ಆಸ್ಪತ್ರೆಯ ಆಡಳಿತಾಧಿಕಾರಿ ಕೆಟ್ಟವನಲ್ಲ. ಮೆತ್ತಗೆ ಮಾತಾಡುವ, ಎದುರಿಗಿದ್ದವರಿಗೆ ತಾನೇ ಕುರ್ಚಿ ಎಳೆದು ಕೊಡುವ ಮನುಷ್ಯ. ಆದರೆ ಹಿಂದಿನ ವರ್ಷ, ಸಿಬ್ಬಂದಿ ತಮ್ಮ ನೆಂಟರಿಷ್ಟರನ್ನು ಸಾಲು ತಪ್ಪಿಸಿ ಒಳಗೆ ಕಳಿಸುತ್ತಾರೆ ಎಂದು ಯಾರೋ ಮೇಲಕ್ಕೆ ದೂರು ಬರೆದಿದ್ದರು. ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಅವನು ಸುಣ್ಣವಾಗಿದ್ದ.

"ಗುಂಡಿ ಇರ್ಲಿ ಮೇಡಂ, ಬೇಡ ಅನ್ನಲ್ಲ," ಎಂದ ಸಭೆಯಲ್ಲಿ. "ಆದ್ರೆ ಒತ್ತಿದ ಮೇಲೆ ಡಾಕ್ಟರು ಒಪ್ಪಿಗೆ ಕೊಡಬೇಕು. ಒಪ್ಪಿಗೆ ಇಲ್ದೆ ಒಬ್ಬರೂ ಬಾಗಿಲು ದಾಟೋ ಹಾಗಿಲ್ಲ."

"ಡಾಕ್ಟರು ರೋಗೀನ ನೋಡ್ತಾ ಇರ್ತಾರೆ ಸಾರ್, ಪರದೇನ ನೋಡ್ತಾರಾ?"

"ಸದ್ದು ಬರೋ ಹಾಗೆ ಮಾಡಿ, ನೋಡ್ತಾರೆ."

ಇನ್ನೊಂದು ವಿಷಯವೂ ಇತ್ತು. ಸಿಬ್ಬಂದಿಯ ಕೆಲಸ ತೋರಿಸುವ ಪುಟದಲ್ಲಿ ಇಂಜೆಕ್ಷನ್ ಕೊಟ್ಟದ್ದು, ಗಾಯ ಕಟ್ಟಿದ್ದು, ರಕ್ತದೊತ್ತಡ ನೋಡಿದ್ದು ಎಲ್ಲ ಹಸಿರಾಗಿ ಬರುತ್ತಿತ್ತು. ಏನೂ ದಾಖಲಾಗದ ಸಮಯ ಬೂದು ಬಣ್ಣ. ರೋಗಿಗಳು ಕಾಯುವ ಹಾಲ್‌ನಲ್ಲಿ ನಿಲ್ಲುವ ಇಬ್ಬರು ನರ್ಸುಗಳ ದಿನವೆಲ್ಲ ಬಹುಪಾಲು ಬೂದು. ಆಡಳಿತಾಧಿಕಾರಿಯ ಮುಖ ಅರಳಿತು. "ಹಾಲ್‌ಗೆ ಇಬ್ಬರು ಯಾಕೆ ಹಾಗಾದ್ರೆ? ಒಬ್ಬರು ಸಾಕು. ಅವರೇ ಡ್ರೆಸಿಂಗ್ ರೂಮನ್ನೂ ನೋಡ್ಕೊಳ್ಳಲಿ."

ಆ ಬೂದು ಬಣ್ಣ ಹಾಕಿದವಳು ಪುಟ್ಟಿಯೇ. ಖಾಲಿ ಜಾಗಕ್ಕೆ ಏನಾದರೂ ಒಂದು ಬಣ್ಣ ಬೇಕಿತ್ತು ಅಷ್ಟೆ. ಅವಳು ವಾದ ಮಾಡಿದಳು. ಒಂದು ಗಂಟೆ ಮಾಡಿದಳು. ಕಂಪನಿಯ ಮ್ಯಾನೇಜರ್ ಮೇಜಿನ ಕೆಳಗೆ ಅವಳ ಕಾಲು ಒತ್ತಿದ. ವ್ಯವಸ್ಥೆ ಶುರುವಾಗಲು ಮೂರೇ ವಾರ ಉಳಿದಿತ್ತು. ಮೊದಲು ಶುರುವಾಗಲಿ, ಆಮೇಲೆ ತಿದ್ದಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಸಭೆಯ ನಡಾವಳಿಗೆ ಸಹಿ ಹಾಕಿದಳು.

ಅಕ್ಕನಿಗೆ ಅವತ್ತು ಸಂಜೆಯೇ ಹೇಳಿದಳು. ಅಕ್ಕ ಒಂದೇ ಮಾತು ಕೇಳಿದಳು. "ಅವರು ನೋಡದೇ ಹೋದ್ರೆ?"

"ನೋಡ್ತಾರಕ್ಕ. ಸದ್ದು ಬರುತ್ತೆ."

ವ್ಯವಸ್ಥೆ ಶುರುವಾಯಿತು; ಹಾಲ್‌ನಲ್ಲಿ ಸರದಿಗೊಬ್ಬರೇ ನರ್ಸು. ಒಂದು ವಾರಕ್ಕೆಲ್ಲ ಡಾಕ್ಟರುಗಳು ಸದ್ದು ಆರಿಸಿಬಿಟ್ಟರು. ಅದರಲ್ಲಿ ಅವರ ತಪ್ಪೂ ಇರಲಿಲ್ಲ. ಹೊಸ ಹೆಸರು ಬಂದರೂ ಅದೇ ಸದ್ದು, ವರದಿ ಬಂದರೂ ಅದೇ ಸದ್ದು, ಊಟದ ಸಮಯಕ್ಕೂ ಅದೇ. ಸ್ಟೆತಾಸ್ಕೋಪಿನಲ್ಲಿ ಎದೆಬಡಿತ ಕೇಳುವವರಿಗೆ ಅದರ ಕಾಟ ತಡೆಯಲಾಗಲಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬ ಮುದುಕಿಯನ್ನು ಒಳಗೆ ಬಿಟ್ಟ ಇನ್ನೊಬ್ಬ ನರ್ಸಿಗೆ ಅದೇ ವಾರ ನೋಟಿಸು ಬಂತು. ಪುಟ್ಟಿ ತಿದ್ದುಪಡಿ ಬೇಕೆಂದು ಪತ್ರ ಬರೆದಳು. ಮುಂದಿನ ತಿಂಗಳ ಸಭೆಯಲ್ಲಿ ನೋಡೋಣ ಎಂಬ ಉತ್ತರ ಬಂತು.

ದರ್ಜಿ ಬಂದದ್ದು ಮೂರನೆಯ ವಾರದ ಸೋಮವಾರ. ಐವತ್ತರ ಆಸುಪಾಸಿನವನು. ಅಂಗಡಿಯಿಂದ ಹಾಗೇ ಎದ್ದು ಬಂದಿದ್ದನೇನೋ, ಅಳತೆಯ ಟೇಪು ಕೊರಳಲ್ಲೇ ಇತ್ತು. ಜೊತೆಗೆ ಹೆಂಡತಿ. ಚೀಟಿ ತೊಂಬತ್ನಾಲ್ಕು, ತೊಂದರೆ ಎದೆಯುರಿ ಎಂದು ಬರೆಸಿದ್ದ. ಒಳಗೆ ನಡೆಯುತ್ತಿದ್ದದ್ದು ಅರವತ್ತೊಂದು.

ಅಕ್ಕ ಅವನ ಹಣೆ ನೋಡಿದಳು, ಬೆಂಚಿನ ಅಂಚು ಹಿಡಿದಿದ್ದ ಅವನ ಕೈ ನೋಡಿದಳು. ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ಹಳದಿ ಗುಂಡಿ ಒತ್ತಿದಳು. "ಡಾಕ್ಟರ ಒಪ್ಪಿಗೆಗೆ ಕಾಯಲಾಗುತ್ತಿದೆ" ಎಂದು ಬಂತು. ಡ್ರೆಸಿಂಗ್ ರೂಮಿನಿಂದ ಕೂಗಿದರು. ಯಾರದೋ ಗಾಯದಿಂದ ರಕ್ತ ನಿಲ್ಲುತ್ತಿರಲಿಲ್ಲ. ಓಡಿಹೋಗಿ ಕಟ್ಟಿ ಓಡಿಬಂದಳು. ಪರದೆಯ ಮೇಲೆ ಇನ್ನೂ ಅದೇ ಬರಹ. ಬಾಗಿಲು ತಟ್ಟಿದಳು. "ಪರೀಕ್ಷೆ ನಡೀತಿದೆ ಸಿಸ್ಟರ್, ಪರದೇಲಿ ಹಾಕಿ," ಎಂದಿತು ಒಳಗಿನ ದನಿ. "ಹಾಕಿದೀನಿ ಡಾಕ್ಟ್ರೇ!" ಎಂದಳು. ಬಾಗಿಲು ತೆರೆಯಲಿಲ್ಲ. ಇನ್ನೊಂದು ಕೋಣೆಯ ಬಾಗಿಲು ತಟ್ಟಿದಳು, ಅಲ್ಲೂ ಹಾಗೆಯೇ. ಹನ್ನೊಂದು ಹತ್ತೊಂಬತ್ತಕ್ಕೆ, ಆದದ್ದಾಗಲಿ ಎಂದು, ದರ್ಜಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಬಾಗಿಲು ನೂಕಿದಳು. ಅವನು ಹೊಸ್ತಿಲಲ್ಲೇ ಕುಸಿದ.

ಡಾಕ್ಟರು ಮುಕ್ಕಾಲು ಗಂಟೆ ಎದೆ ಒತ್ತಿದರು. ಆಗಲಿಲ್ಲ.

ವಿಚಾರಣೆಗೆ ಮೂವರ ಸಮಿತಿ ಕೂತಿತು. ಅವರ ಮುಂದೆ ಪುಟ್ಟಿಯ ತಂತ್ರಾಂಶ ಮುದ್ರಿಸಿ ಕೊಟ್ಟ ಒಂದು ಹಾಳೆ, ಅದರಲ್ಲಿ ಹನ್ನೊಂದು ನಿಮಿಷಗಳ ಲೆಕ್ಕ.

"ಹನ್ನೊಂದು ಎಂಟಕ್ಕೇ ನಿಮಗೆ ಗಂಭೀರ ಅಂತ ಗೊತ್ತಾಗಿದೆ. ಆಮೇಲೂ ಹನ್ನೊಂದು ನಿಮಿಷ ಯಾಕೆ ಕಾದ್ರಿ?" ಎಂದು ಅಕ್ಕನನ್ನು ಕೇಳಿದರು.

"ಒಪ್ಪಿಗೆ ಬರಲಿಲ್ಲ ಸಾರ್."

"ಸರಿ. ಹನ್ನೊಂದು ಹತ್ತೊಂಬತ್ತಕ್ಕೆ ಒಪ್ಪಿಗೆ ಇಲ್ಲದೆ ಯಾಕೆ ಒಳಗೆ ಹೋದ್ರಿ?"

ಅಕ್ಕ ಸಮಿತಿಯವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿದಳಂತೆ. ಎರಡನ್ನೂ ತಪ್ಪೆಂದು ಬರೆದುಕೊಂಡರು.

ಪುಟ್ಟಿಯನ್ನು ಕರೆದದ್ದು ಹಾಳೆ ಸರಿಯಾಗಿದೆಯೋ ಇಲ್ಲವೋ ಎಂದು ಹೇಳಲಿಕ್ಕೆ ಮಾತ್ರ.

"ಸಮಯ ಎಲ್ಲ ಸರಿಯಾಗಿದೆಯಾ?"

"ಸರಿಯಾಗಿದೆ, ಆದರೆ ಈ ಒಪ್ಪಿಗೆ ಅನ್ನೋದು ನನ್ನ ನಕ್ಷೆಯಲ್ಲಿ..."

ಆಡಳಿತಾಧಿಕಾರಿ ಸಭೆಯ ನಡಾವಳಿಯನ್ನು ಮೆತ್ತಗೆ ಅವಳ ಕಡೆ ಸರಿಸಿದ. ಕೆಳಗೆ ಅವಳದೇ ಸಹಿ, ಬಾಲ ಎಳೆದು ದುಂಡಗೆ ಹಾಕಿದ್ದು. ಅವನ ಕಣ್ಣಲ್ಲೂ ನೀರಿತ್ತು ಎಂದು ಪುಟ್ಟಿಗೆ ಅನ್ನಿಸಿತು. ಆದರೂ ಹಾಳೆಯನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪುಟ್ಟಿ ತನ್ನ ಕಾಗದ ಎತ್ತಿಕೊಂಡು ಎದ್ದಳು.

ಹೊರಗೆ ಮೊಗಸಾಲೆಯಲ್ಲಿ ದರ್ಜಿಯ ಹೆಂಡತಿ ಒಂದು ಬೆಂಚಿನ ಮೇಲೆ ಕೂತಿದ್ದಳು. ಪುಟ್ಟಿ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಕಾಗದ ಇರುವವರೆಲ್ಲ ಅವಳ ಪಾಲಿಗೆ ಆಫೀಸಿನವರೇ.

"ಅಮ್ಮಾ, ನನ್ನನ್ನ ಒಳಗೆ ಕರೀತಾರಾ? ಬೆಳಗ್ಗೆಯಿಂದ ಕೂತಿದೀನಿ."

"ಏನು ಹೇಳಬೇಕಿತ್ತು?"

"ಆ ಸಿಸ್ಟರಮ್ಮ ನೋಡಿದ್ರು ಅಂತ ಹೇಳಬೇಕಿತ್ತು. ಅಷ್ಟು ಜನದಲ್ಲಿ ನಮ್ಮೋರನ್ನ ನೋಡಿದ್ದು ಅವರೊಬ್ಬರೇ. ಅವರ ಮೇಲೆ ಏನೋ ಬಂದಿದೆಯಂತಲ್ಲ. ಇದನ್ನ ಎಲ್ಲಾದ್ರೂ ಬರ್ಕೋತಾರಾ?"

ಪುಟ್ಟಿ ಮತ್ತೆ ಒಳಗೆ ಹೋಗಿ ಕೇಳಿದಳು. ರೋಗಿಯ ಕಡೆಯವರ ಹೇಳಿಕೆ ಈ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಅದನ್ನು ಆ ಹೆಂಗಸಿಗೆ ಹೇಗೆ ಹೇಳುವುದೆಂದು ತಿಳಿಯದೆ, ಅವಳ ಪಕ್ಕ ಕೂತು, ಕೊನೆಗೆ "ಮನೆಗೆ ಹೋಗಿ ಅಮ್ಮಾ," ಎಂದಳು.

ಅಕ್ಕನ ಕೆಲಸ ಹೋಗಲಿಲ್ಲ. ರೋಗಿಗಳ ಸಂಪರ್ಕ ಇಲ್ಲದ ಕಡೆ ಹಾಕಿದರು, ನೆಲಮಾಳಿಗೆಯ ಬಟ್ಟೆ ಉಗ್ರಾಣಕ್ಕೆ. ಒಗೆದು ಬಂದ ಹೊದಿಕೆ, ದಿಂಬಿನ ಚೀಲ, ಡಾಕ್ಟರ ಕೋಟುಗಳನ್ನು ವಾರ್ಡುವಾರು ಕಟ್ಟಿ ಲಿಫ್ಟಿಗೆ ಹಾಕುವ ಕೆಲಸ. ತಂತ್ರಾಂಶದಲ್ಲಿ ಈಗ ಅವಳ ದಿನ ಪೂರ್ತಿ ಹಸಿರು.

ಪುಟ್ಟಿ ಕಂಪನಿಗೆ ನಾಲ್ಕು ಪತ್ರ ಬರೆದಳು. ಗಿರಾಕಿ ತೃಪ್ತರಾಗಿದ್ದಾರೆ, ಇನ್ನೂ ಮೂರು ಆಸ್ಪತ್ರೆಯವರು ಇದನ್ನೇ ಕೇಳಿದ್ದಾರೆ ಎಂದು ಉತ್ತರ ಬಂತು. ಆ ಮೂರರ ಕೆಲಸ ತನಗೆ ಬೇಡ ಎಂದಳು. ಬೇಡವಾದರೆ ಬಿಡಿ ಎಂದರು. ಪಕ್ಕದ ಮೇಜಿನವನು ಅದನ್ನು ವಹಿಸಿಕೊಂಡ. ಒಪ್ಪಿಗೆಯ ಭಾಗ ಚೆನ್ನಾಗಿ ಮಾಡಿದೀರಿ, ಹಾಗೇ ಇಟ್ಕೋತೀನಿ ಎಂದು ಅವನು ಮನಸಾರೆ ಹೊಗಳಿದ.

ಒಂದು ಮಧ್ಯಾಹ್ನ ಅವಳು ಉಗ್ರಾಣಕ್ಕೆ ಹೋದಳು. ಕಿಟಕಿಯಿಲ್ಲದ ಕೋಣೆ, ಸೋಪಿನ ಪುಡಿಯ ವಾಸನೆ, ಎದೆಮಟ್ಟ ಬಿಳಿ ಬಟ್ಟೆಯ ರಾಶಿ. ಅಕ್ಕ ಒಂದು ಹೊದಿಕೆಯ ತುದಿಯನ್ನು ಅವಳ ಕೈಗೆ ಕೊಟ್ಟಳು. ಚಿಕ್ಕಂದಿನಲ್ಲಿ ಅಮ್ಮ ಹೇಳಿಕೊಟ್ಟ ಹಾಗೆ ಇಬ್ಬರೂ ಎರಡು ಕಡೆ ಎಳೆದು ಮಡಚಿದರು. ಹತ್ತಿಪ್ಪತ್ತು ಹೊದಿಕೆ ಮುಗಿದವು.

"ಮೇಲೆ ಹೋಗ್ತೀಯಾ ಯಾವಾಗಲಾದ್ರೂ, ಹಾಲ್ ಕಡೆ?" ಎಂದಳು ಪುಟ್ಟಿ.

"ಇಲ್ಲ. ಹಿಂದಿನ ಗೇಟಿಂದ ಬರ್ತೀನಿ, ಹಿಂದಿನ ಗೇಟಿಂದ ಹೋಗ್ತೀನಿ."

"ಅಕ್ಕಾ, ನನ್ನಿಂದಲೇ..."

"ನೀನು ಕೇಳಿದೆ, ನಾನು ಹೇಳಿದೆ. ತಪ್ಪು ನಿಂದು ಅಂತ ನಾನು ಹೇಳಲ್ಲ ಪುಟ್ಟಿ." ಅಕ್ಕ ಮಡಚಿದ ಹೊದಿಕೆಯನ್ನು ಅಂಗೈಯಿಂದ ಒತ್ತಿ ಸಮ ಮಾಡಿದಳು. "ನಿಂದಲ್ಲ ಅಂತಾನೂ ಹೇಳೋಕೆ ಬರ್ತಿಲ್ಲ ನನಗೆ. ಒಂದಿನ ಬಂದ್ರೆ ಹೇಳ್ತೀನಿ."

ಲಿಫ್ಟಿನ ಗಂಟೆ ಬಡಿಯಿತು. ಮಕ್ಕಳ ವಾರ್ಡಿನವರು ಕಾಯುತ್ತಿದ್ದರು. ಅಕ್ಕ ಎರಡು ಗಂಟು ಹೊತ್ತು ಒಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತು ಉಸಿರು ಎಳೆದುಕೊಂಡಳು. ಅವಳ ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿತ್ತು.

"ಹೋಗುವಾಗ ಬಾಗಿಲು ಎಳ್ಕೊಂಡು ಹೋಗು," ಎಂದಳು. "ಧೂಳು ಬರುತ್ತೆ."