ಮುಡಿ ಒಪ್ಪದ ದೇವರು

ನನ್ನ ತಂಗಿ ಅಮ್ಮಾಜಮ್ಮನ ಮಗ ನರೇಶ ಕುಡಿದು ಕುಡಿದು ಲಿವರ್ ಕಳೆದುಕೊಂಡ. ಅವನ ಬಗ್ಗೆ ಒಳ್ಳೆಯದು ಹೇಳೋಣವೆಂದರೆ ನನ್ನ ಬಳಿ ಒಂದು ಮಾತೂ ಇಲ್ಲ. ಅಪ್ಪ ಸತ್ತ ವಾರದಲ್ಲೇ ತಾಯಿಯ ತಾಳಿಬೊಟ್ಟು ಮಾರಿ ಕುಡಿದವನು, ಕೇಳಿದ್ದಕ್ಕೆ ಅವಳ ಕೈ ಮುರಿದವನು. ಬೆಂಗಳೂರಿನ ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಾಗ ನನಗೆ ಅಯ್ಯೋ ಅನ್ನಿಸಿದ್ದು ತಂಗಿಗಾಗಿ ಮಾತ್ರ.

ನಂದಿದುರ್ಗ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಯಲ್ಲಿ ಮಲಗಿಸಿದೆವು. ಹೊಟ್ಟೆ ಬಿಂದಿಗೆಯಾಗಿತ್ತು, ಕಣ್ಣು ಅರಿಶಿನ. ಗಂಗಮ್ಮ, ಮುನೇಶ್ವರ, ತಿಮ್ಮಪ್ಪ, ಯಾರನ್ನೂ ಬಿಡದೆ ಅಮ್ಮಾಜಮ್ಮ ಹರಕೆ ಹೊತ್ತಳು. ಕೊನೆಗೆ ಪಕ್ಕದ ಮನೆಯ ಪುಷ್ಪ ಅವಳನ್ನು ಚಾಂಪಿಯನ್ ರೀಫ್ಸಿನ ಪ್ರಾರ್ಥನೆ ಮನೆಗೆ ಕರೆದುಕೊಂಡು ಹೋದಳು.

ಯೇಸುವಿಗೆ ಏನು ಹರಕೆ ಎಂದು ಇವಳು ಕೇಳಿದಳಂತೆ. ಏನೂ ಬೇಡ, ಆತ ನಿನ್ನನ್ನೂ ನಿನ್ನ ಮಗನನ್ನೂ ಸುಮ್ಮನೆ ಪ್ರೀತಿಸುತ್ತಾನೆ ಎಂದರಂತೆ ಪಾಸ್ಟರ್. ಮಗ ಒಳ್ಳೆಯವನಲ್ಲ ಎಂದು ಇವಳು ಹೇಳಿದಳು. ಆದರೂ ಪ್ರೀತಿಸುತ್ತಾನೆ ಎಂದರು. ಅಮ್ಮಾಜಮ್ಮ ನಂಬಲಿಲ್ಲ. ಸುಮ್ಮನೆ ಯಾರು ಏನು ಕೊಡುತ್ತಾರೆ? ರೇಷನ್ ಅಕ್ಕಿಗೂ ಹೆಬ್ಬೆಟ್ಟು ಒತ್ತಬೇಕು. ಪಾಸ್ಟರಿಗೆ ಸಂಕೋಚ, ಪಾಪ, ಕೇಳಲು ಬಾಯಿ ಬರಲಿಲ್ಲ ಅಂದುಕೊಂಡಳು.

ಮುಂದಿನ ಭಾನುವಾರ ಆಂಡರ್ಸನ್‌ಪೇಟೆಯ ಕಟಿಂಗ್ ಶಾಪಿನಲ್ಲಿ ತಲೆ ಬೋಳಿಸಿಕೊಂಡು, ಮುಡಿಯನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ, ಪ್ರಾರ್ಥನೆ ಮನೆಯ ಮೇಜಿನ ಮೇಲೆ ತಂದಿಟ್ಟಳು. ಹಾಡುತ್ತಿದ್ದವರು ನಿಲ್ಲಿಸಿದರು. ಜೊತೆಗಿದ್ದ ನಾನು ನಾಚಿಕೆಯಿಂದ ಸತ್ತೆ. ಪಾಸ್ಟರ್ ಗಂಟನ್ನು ಎತ್ತಿ ಅವಳ ಕೈಗೇ ವಾಪಸ್ಸು ಕೊಟ್ಟರು. ಅವರ ಕಣ್ಣಲ್ಲಿ ನೀರಿತ್ತು.

"ಆತ ಏನೂ ಇಸ್ಕೊಳ್ಳಲ್ಲ, ತಾಯಿ."

"ನನ್ನ ಮಗನ್ನ ಉಳಿಸ್ತಾನಾ?"

ಅವರು ಅವಳ ಬೋಳುತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಸುಳ್ಳು ಹೇಳುವ ಮನುಷ್ಯನಲ್ಲ ಅನ್ನಿಸಿತು. ಹೇಳಿದ್ದರೇ ಚೆನ್ನಾಗಿತ್ತು.

ಆಟೋದಲ್ಲಿ ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಗಂಗಮ್ಮ ಆಗಿದ್ರೆ ಬೈಬೋದಿತ್ತು ಕಣಕ್ಕಾ. ಕೋಳಿ ತಿಂದಿದ್ಯಲ್ಲೇ, ಉಳಿಸ್ಕೊಡು ಅನ್ಬೋದಿತ್ತು. ಏನೂ ಇಸ್ಕೊಳ್ದಿರೋನ್ನ ಯಾವ ಬಾಯಲ್ಲಿ ಕೇಳ್ಲಿ?"

ನನಗೆ ಆ ದೇವರ ಮೇಲೆ ಸಿಟ್ಟು ಬಂತು. ಬಡವಳು ಕೊಟ್ಟ ಕೂದಲನ್ನಾದರೂ ತೆಗೆದುಕೊಳ್ಳಬಾರದಿತ್ತೇ?

ಮನೆಯಲ್ಲಿ ನರೇಶ ಆ ಬೋಳುತಲೆಯನ್ನು ನೋಡಿ, ಯಾಕಮ್ಮಾ ಎಂದ. ನಿನಗೋಸ್ಕರ ಎಂದಳು.

"ನಾನ್ ನಿಂಗೆ ಏನ್ ಮಾಡಿದ್ದೀನಿ ಅಂತ?"

ಅವಳು ಗಂಜಿಯ ಚಮಚ ಹಿಡಿದು ಯೋಚಿಸಿದಳು. ಒಂದೂ ನೆನಪಾಗಲಿಲ್ಲ. ನನ್ನನ್ನು ಕೇಳಿದ್ದರೆ ಸಂಜೆಯವರೆಗೆ ಹೇಳುತ್ತಿದ್ದೆ, ಒಂದೂ ಒಳ್ಳೆಯದಿರುತ್ತಿರಲಿಲ್ಲ.

"ಏನೂ ಇಲ್ಲ. ಸುಮ್ನೆ ಕಣ್ಲಾ," ಎಂದಳು.

ಹೇಳಿದವಳೇ ಆ ಮಾತಿಗೆ ಬೆಚ್ಚಿ ನನ್ನ ಕಡೆ ತಿರುಗಿದಳು.

"ಆ ದೇವ್ರೂ ಇಂಗೇ ಏನೋ ಅಕ್ಕಾ. ಪ್ರೀತಿ ಐತೆ. ಕೈಯಾಗೆ ಏನೂ ಇಲ್ಲ."

ನರೇಶನ ಕಟವಾಯಿಯಿಂದ ಗಂಜಿ ಸೋರಿತು. ಸೆರಗಿನಿಂದ ಒರೆಸಿ ಮತ್ತೆ ತಿನ್ನಿಸಿದಳು.

ಬುಧವಾರ ಅವನು ಹೋದ. ಮಣ್ಣು ಹಾಕುವ ಮೊದಲು ಅಮ್ಮಾಜಮ್ಮ ಆ ಹಳದಿ ಗಂಟನ್ನು ಅವನ ಎದೆಯ ಮೇಲಿಟ್ಟಳು. ಅವಳು ಕೊಟ್ಟದ್ದನ್ನು ಅವನು ಯಾವತ್ತೂ ಬೇಡ ಅಂದವನಲ್ಲ.